ಬೈಯದೆ ಹೊರಡುವ ಕಾರು

ಬೈಯದೆ ಹೊರಡುವ ಕಾರುಗಳ ಅಂಗಡಿ ತೆರೆಯುತ್ತೇನೆ ಎಂದು ನಾನು ಹೇಳಿದ ದಿನ ನನ್ನ ಹೆಂಡತಿ ಜಯಶೀಲ ಅಡುಗೆಮನೆಯಿಂದ ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಅನುಮಾನ ಹೋಗದೆ ಕತ್ತಿನ ಬಳಿಯೂ ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಆ ಒಗ್ಗರಣೆ ಸಿಡಿದ ರೀತಿಯಲ್ಲೇ ಅವಳ ಅಭಿಪ್ರಾಯ ನನಗೆ ಗೊತ್ತಾಯಿತು.

ನಮ್ಮ ಊರಿನಲ್ಲಿ ಕಾರು ಹೊರಡಬೇಕಾದರೆ ಅದನ್ನು ಬೈಯಬೇಕು. ಕೀಲಿ ತಿರುಗಿಸಿದರೆ ದೀಪ ಹತ್ತುತ್ತದೆ, ಹಾರ್ನೂ ಆಗುತ್ತದೆ; ಬೈಯುವವರೆಗೆ ಎಂಜಿನ್ ಮಾತ್ರ ಮಿಸುಕುವುದಿಲ್ಲ. ಸುಮ್ಮನೆ ಗದರಿದರೆ ಸಾಲದು, ಮನಸ್ಸಿಟ್ಟು ಬೈಯಬೇಕು. ನಿನ್ನೆಯ ಬೈಗುಳವನ್ನೇ ಇವತ್ತು ಬಿಸಿಮಾಡಿ ಬಡಿಸಿದರೆ ಕಾರು ಒಂದು ಸಲ ಕೆಮ್ಮಿ ಸುಮ್ಮನಾಗುತ್ತದೆ. ಹೀಗಾಗಿ ಬೆಳಗಿನ ಹೊತ್ತು ನಮ್ಮ ಬೀದಿಗಳಲ್ಲಿ ನಡೆದು ಹೋಗುವುದೆಂದರೆ ಕಿವಿಗೆ ಹಬ್ಬ. ಇಲ್ಲೊಬ್ಬರು ಕಾರಿನ ಬಣ್ಣವನ್ನು ಹಳಿಯುತ್ತಿದ್ದರೆ, ಅಲ್ಲೊಬ್ಬರು ಅದರ ವಂಶವನ್ನೇ ಜಾಲಾಡುತ್ತಿರುತ್ತಾರೆ. ಬೈದು ಮುಗಿಸಿದ ಮೇಲೆ ಎಲ್ಲರ ಮುಖವೂ ಸ್ನಾನ ಮಾಡಿಬಂದ ಹಾಗೆ ಹಗುರಾಗಿರುತ್ತದೆ. ಹೊರಗಿನಿಂದ ಬಂದವರು, ನಿಮ್ಮೂರಿನ ಜನ ಎಷ್ಟು ಸಮಾಧಾನಿಗಳು ಎಂದು ಹೊಗಳಿ ಹೋಗುತ್ತಾರೆ.

ಆದರೆ ಬೈಯುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಹೆಡ್‌ಮಾಸ್ಟರ್ ತಿರುಮಲೇಗೌಡರು ಶಾಲೆಯಲ್ಲಿ ಹುಡುಗರ ಮೇಲೆ ಎಲ್ಲವನ್ನೂ ಖರ್ಚು ಮಾಡಿ ಮನೆಗೆ ಬರುತ್ತಾರೆ, ಬೆಳಗಿಗೆ ಏನೂ ಉಳಿದಿರುವುದಿಲ್ಲ. ಡಾಕ್ಟರ್ ಅನಸೂಯಾ ಬೈದರೆ ಕಾರಿನ ಆರೋಗ್ಯ ವಿಚಾರಿಸಿದ ಹಾಗೆ ಕೇಳಿಸುತ್ತದೆ. ಗುಡಿಯ ಅರ್ಚಕರು ಮಡಿಯಲ್ಲಿ ಬೈಯುವಂತಿಲ್ಲ. ಇಂಥವರಿಗೆಲ್ಲ ಜಯಶೀಲಳೇ ಗತಿ. ಬೆಳಗಾಗುತ್ತಿದ್ದಂತೆ ಅವಳು ಫ್ಲಾಸ್ಕಿನಲ್ಲಿ ಜೀರಿಗೆ ನೀರು ತುಂಬಿಕೊಂಡು ಹೊರಟು, ಗೇಟಿನಿಂದ ಗೇಟಿಗೆ ಹೋಗಿ ಅವರ ಕಾರುಗಳನ್ನು ಬೈದು ಎಬ್ಬಿಸುತ್ತಿದ್ದಳು. "ಏ ಕುಂಭಕರ್ಣನ ಸೋದರಳಿಯ, ಹೊಟ್ಟೆ ತುಂಬ ಕುಡಿದು ಬಿದ್ಕೊಂಡಿದೀಯಲ್ಲ, ನಾಚಿಕೆ ಆಗಲ್ವ ನಿಂಗೆ? ಆ ಪಕ್ಕದ ಮನೆ ಸೈಕಲ್ ನೋಡಿ ಕಲಿ! ಇರೋದು ಎರಡೇ ಕಾಲು, ಹೊಟ್ಟೆಗೂ ಏನೂ ಕೇಳಲ್ಲ, ಆಗ್ಲೇ ಊರೆಲ್ಲ ಸುತ್ತಿ ಬಂತು!" ಎಂದು ಅವಳು ಶುರು ಮಾಡಿದರೆ ಸಾಕು, ಹೆಡ್‌ಮಾಸ್ಟರ ಕಾರು ಬೆಚ್ಚಿ ಗೇಟಿನ ತನಕ ಒಂದೇ ನೆಗೆತ. ಬೈಯಲು ಜಯಶೀಲ ಬರುತ್ತಾಳೆ ಎಂದು ಹೇಳಿಕೊಳ್ಳುವುದು ನಮ್ಮಲ್ಲಿ ದೊಡ್ಡಸ್ತಿಕೆಯ ವಿಷಯವಾಗಿತ್ತು.

ಊರಿಗೆಲ್ಲ ಕೇಳುವ ಆ ಧ್ವನಿ ನಮ್ಮ ಮನೆಯಲ್ಲಿ ಮಾತ್ರ ಕೇಳುತ್ತಿರಲಿಲ್ಲ. ಮರುದಿನಕ್ಕೆ ಗಂಟಲು ಬೇಕಲ್ಲ, ಅದಕ್ಕೆ ಮನೆಗೆ ಬಂದ ಮೇಲೆ ಅವಳದು ಕೈಸನ್ನೆ, ಕಣ್ಸನ್ನೆ. ಲೋಟ ತಟ್ಟಿದರೆ ಕಾಫಿ ಆಗಿದೆ ಎಂದರ್ಥ, ತಟ್ಟೆ ತಟ್ಟಿದರೆ ಊಟ. ಜಗಳವಾಡಬೇಕೆಂದರೂ ನಮಗೆ ದಾರಿಯಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಾನು ಅವಳ ಮಾತನ್ನು ಹೊಟ್ಟೆತುಂಬ ಕೇಳಿದ್ದು ಇಲ್ಲವೇ ಇಲ್ಲ. ಹೇಳಿದರೆ ನಗುತ್ತೀರಿ, ನನಗೆ ಊರಿನ ಕಾರುಗಳ ಮೇಲೆ ಹೊಟ್ಟೆಕಿಚ್ಚಿತ್ತು.

ಹೀಗಿರುವಾಗ ಅವಳ ಗಂಟಲು ಕಟ್ಟತೊಡಗಿತು. ಜೇನುತುಪ್ಪ, ಕಾಳುಮೆಣಸು ಯಾವುದಕ್ಕೂ ಬಗ್ಗಲಿಲ್ಲ. ಡಾಕ್ಟರ್ ಅನಸೂಯಾ ದೀಪ ಬಿಟ್ಟು ನೋಡಿ ಮುಖ ಸಣ್ಣದು ಮಾಡಿಕೊಂಡರು. "ಒಳಗೆ ಗಂಟಾಗಿದೆ ಜಯಶೀಲಮ್ಮ. ಆರು ತಿಂಗಳು ಬಾಯಿ ಬಿಡಬಾರದು. ಹೀಗೇ ಕೂಗ್ತಾ ಇದ್ರೆ ಇರೋ ಧ್ವನೀನೂ ಹೋಗುತ್ತೆ, ಆಮೇಲೆ ಏನ್ ಮಾಡಿದ್ರೂ ಬರಲ್ಲ," ಎಂದರು. ಔಷಧಿ ಬರೆದುಕೊಟ್ಟು, ನಾವು ಏಳುವಷ್ಟರಲ್ಲಿ ಸಂಕೋಚದಿಂದ ಸೇರಿಸಿದರು: "ನಾಳೆ ಬೆಳಗ್ಗೆ ಒಂದು ದಿನ ಮಾತ್ರ... ನಂಗೊಂದು ಆಪರೇಷನ್ ಇದೆ..."

ಜಯಶೀಲ ನಕ್ಕುಬಿಟ್ಟಳು. ದಾರಿಯಲ್ಲಿ ಮಾತ್ರ ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದಳು. "ಊರಲ್ಲಿ ಯಾರಿಗೂ ಗೊತ್ತಾಗಬಾರದು. ನೀವೇನಾದ್ರೂ ಬಾಯಿ ಬಿಟ್ರೆ ನಾನು ತವರಿಗೆ ಹೋಗ್ತೀನಿ. ನಾನು ಬಾಯಿ ಮುಚ್ಕೊಂಡು ಕೂತ್ರೆ ಅವರೆಲ್ಲ ಏನ್ರೀ ಮಾಡ್ತಾರೆ?"

ಅವರೆಲ್ಲ ಬೈಯದೆ ಹೊರಡುವ ಕಾರು ತೆಗೆದುಕೊಂಡರೆ ಅವಳು ಸುಮ್ಮನಿರಬಹುದಲ್ಲ ಎಂದು ನನಗೆ ಹೊಳೆದದ್ದು ಹೀಗೆ. ಕರೆಂಟಿನ ಕಾರಿನ ಕಂಪನಿಯವರು ನಮ್ಮ ಕಡೆಗೆ ಏಜೆಂಟರನ್ನು ಹುಡುಕುತ್ತಿದ್ದರು. ನಾನು ಒಪ್ಪಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಹಳೆಯ ಎಣ್ಣೆ ಗಿರಣಿಯನ್ನು ತೊಳೆಸಿ ಅಂಗಡಿ ಮಾಡಿದೆ. ಒಂದು ಬಿಳಿ ಕಾರು, ಒಂದು ಗಿಣಿಹಸಿರು ಕಾರು ಬಂದಿಳಿದವು. ಬಾಗಿಲಿಗೆ ದೊಡ್ಡದೊಂದು ಬೋರ್ಡು ಬರೆಸಿದೆ: ಬೈಯಬೇಕಾಗಿಲ್ಲ, ಹೊಗೆಯಿಲ್ಲ, ಸದ್ದಿಲ್ಲ.

ಮೊದಲು ಬಂದವರು ಬಟ್ಟೆ ಅಂಗಡಿಯ ಗುರುಪಾದ ಶೆಟ್ಟರು. ಬೋರ್ಡನ್ನು ಎರಡು ಸಲ ಓದಿದರು. "ಏನೇನಿಲ್ಲ ಅಂತ ಬರ್ಸಿದೀಯಲ್ಲ ಮರಿಸ್ವಾಮಿ, ಏನಿದೆ ಅಂತ ಬರ್ಸು," ಎಂದು ಹೇಳಿ ಹೋದರು.

ಓಡಿಸಿ ನೋಡಲು ಕೆಲವರೇನೋ ಬಂದರು. ಬಂದವರು ಸೀಟಿನ ಮೇಲೆ ಕೂತು, ಬೆಲ್ಟು ಹಾಕಿಕೊಂಡು, ಸ್ಟೀರಿಂಗ್ ಮೇಲೆ ಕೈಯಿಟ್ಟ ಕೂಡಲೇ ಬೈಯುತ್ತಿದ್ದರು. ಬೇಡಿ ಎಂದು ನಾನು ಕಿಟಕಿಯಿಂದ ಕೈ ಮುಗಿದರೂ ಕೇಳುತ್ತಿರಲಿಲ್ಲ, ಅಭ್ಯಾಸ. ಈ ಕಾರುಗಳಿಗೆ ಬೈಗುಳವೆಂದರೆ ಆಗದು. ಮೊದಲ ಮಾತಿಗೇ ಎರಡೂ ಕನ್ನಡಿಗಳನ್ನು ಮಡಚಿಕೊಂಡು, ದೀಪ ಮಂಕು ಮಾಡಿಕೊಂಡು ಮುನಿಸಿಕೊಳ್ಳುತ್ತಿದ್ದವು. ಒಮ್ಮೆ ಮುನಿಸಿಕೊಂಡರೆ ಮುಗಿಯಿತು, ನಾನು ಒದ್ದೆ ಬಟ್ಟೆಯಿಂದ ಒರೆಸುತ್ತ, "ಹೋಗ್ಲಿ ಬಿಡು, ಅವರ ಸ್ವಭಾವಾನೇ ಹಂಗೆ," ಎಂದು ದಿನವಿಡೀ ಸಮಾಧಾನ ಮಾಡಬೇಕಿತ್ತು. ಕಾರು ಕೆಟ್ಟಿದೆ ಎಂದು ಸುದ್ದಿ ಹಬ್ಬಿತು. ಕಂಪನಿಯಿಂದ ಒಬ್ಬ ಅಧಿಕಾರಿ ಬಂದು ಗುಂಡಿ ಒತ್ತಿ, ಬಸ್‌ಸ್ಟ್ಯಾಂಡನ್ನು ಸರಾಗವಾಗಿ ಸುತ್ತಿ ಬಂದು, ಕಾರುಗಳಲ್ಲಿ ದೋಷವಿಲ್ಲ, ಊರಿನಲ್ಲಿದೆ ಎಂದು ತೀರ್ಪು ಕೊಟ್ಟು ಹೋದ. ಬೇಡಿಕೆ ಹುಟ್ಟಿಸಲೆಂದು ಒಂದು ಮೂಟೆ ಟೋಪಿಗಳನ್ನು ಕಳಿಸಿದ. ಜನ ಟೋಪಿ ಹಾಕಿಕೊಂಡು ತಮ್ಮ ಹಳೆಯ ಕಾರುಗಳನ್ನೇ ಬೈದರು.

ಅದೂ ಹೋಗಲಿ ಎಂದರೆ, ಇದಕ್ಕೆ 'ಬಾಯಿಲ್ಲದವರ ಕಾರು' ಎಂದು ಹೆಸರು ಬಿತ್ತು. ಡಾಕ್ಟರ್ ಅನಸೂಯಾ ಅವರನ್ನೇ ಹೋಗಿ ಕೇಳಿದೆ. ಜಯಶೀಲಳ ಸ್ಥಿತಿ ಗೊತ್ತಿದ್ದವರು ಅವರೊಬ್ಬರೇ. "ತಗೋಬೇಕು ಅಂತ ನಂಗೂ ಇದೆ. ಆದ್ರೆ ಡಾಕ್ಟರಮ್ಮಂಗೆ ಬಾಯಿಲ್ಲ ಅಂತ ಊರಲ್ಲಿ ಆದ್ಮೇಲೆ ನಾನು ಕೊಟ್ಟ ಮಾತ್ರೆ ಯಾರು ನುಂಗ್ತಾರೆ ಹೇಳಿ," ಎಂದರು. ಮರುದಿನ ಬೆಳಗ್ಗೆ ಜಯಶೀಲ ಕಟ್ಟಿದ ಗಂಟಲಲ್ಲೇ ಅವರ ಕಾರನ್ನು ಬೈದು ಎಬ್ಬಿಸಿದ್ದು ನನ್ನ ಕಿವಿಗೆ ಬಿತ್ತು.

ಆದರೆ ನಡುಮಧ್ಯಾಹ್ನ, ಊರು ಉಂಡು ಮಲಗಿದಾಗ, ಬೇರೆಯದೇ ಕತೆ ಶುರುವಾಯಿತು. ಒಂದು ದಿನ ಹೆಡ್‌ಮಾಸ್ಟರು ಅತ್ತಿತ್ತ ನೋಡಿ ಒಳಗೆ ಬಂದರು. "ಸೀಟು ಹೆಂಗಿದೆ ಅಂತ ಸುಮ್ನೆ ನೋಡೋಣಾಂತ," ಎಂದು ಹಸಿರು ಕಾರಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿದರು. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದಾಗ ಅವರ ಮುಖ ಪಾಠ ಮುಗಿದ ಹುಡುಗನ ಮುಖದ ಹಾಗಿತ್ತು. "ಚೆನ್ನಾಗಿದೆ. ನಂಗಲ್ಲ, ಸುಮ್ನೆ ಹೇಳ್ದೆ," ಎಂದು ಹೊರಟರು. ಮರುದಿನ ಅರ್ಚಕರು ಬಂದರು. ಆಮೇಲೆ ಶೆಟ್ಟರ ಹೆಂಡತಿ ಚೆನ್ನಬಸಮ್ಮ ಬಂದು, ಮಗಳ ಮದುವೆಯ ಗಲಾಟೆಯಲ್ಲಿ ತಲೆ ಸಿಡಿಯುತ್ತಿದೆ, ಅರೆಗಳಿಗೆ ಕೂತು ಹೋಗುತ್ತೇನೆ ಎಂದರು. ಎಲ್ಲೂ ಹೋಗದ ಕಾರಿನಲ್ಲಿ ಸುಮ್ಮನೆ ಕೂರಲು ದಿನಕ್ಕೆ ಇಬ್ಬರು ಮೂವರಂತೆ ಬರತೊಡಗಿದರು. ಕೊಳ್ಳುವ ಮಾತು ಎತ್ತಿದರೆ ಮಾತ್ರ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು.

ಒಂದು ಸಂಜೆ ಜಯಶೀಲಳಿಗೆ ಹೇಳಿದೆ: "ಎಲ್ಲರಿಗೂ ಆಸೆ ಇದೆ ಕಣೆ, ಧೈರ್ಯ ಇಲ್ಲ. ನಿನಗೆ ಬಾಯಿಲ್ಲ ಅಂತ ಹೇಳೋ ಗಂಡಸು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ನೀನೊಂದ್ಸಲ ಆ ಕಾರಲ್ಲಿ ಕೂತು ಬೀದೀಲಿ ಹೋದ್ರೆ ಸಾಕು."

ಅವಳು ಗಂಟಲಿಗೆ ಸುತ್ತಿಕೊಂಡಿದ್ದ ಬಟ್ಟೆ ಸಡಿಲಿಸಿದಳು. ಧ್ವನಿ ಆಗಲೇ ಒರಟು ಕಲ್ಲಿಗೆ ಉಜ್ಜಿದ ಹಾಗಿತ್ತು. "ನನ್ನ ಕೆಲಸಕ್ಕೆ ನಾನೇ ಕಲ್ಲು ಹಾಕ್ಕೊಳ್ಳಲಾ?"

"ಧ್ವನಿ ಉಳಿಯುತ್ತಲ್ಲೇ."

"ಬೈಯೋಕೆ ಆಗ್ದಿದ್ಮೇಲೆ ಆ ಧ್ವನಿ ಇಟ್ಕೊಂಡು ಏನ್ರೀ ಮಾಡ್ಲಿ?"

ನನ್ನ ಹತ್ತಿರ ಮಾತಾಡು ಎಂದು ಹೇಳಬೇಕೆನಿಸಿತು. ಈ ವಯಸ್ಸಿನಲ್ಲಿ ಅದನ್ನು ಕೇಳಲು ನಾಚಿಕೆಯಾಗಿ ಎದ್ದು ಹೋಗಿ ಹಟ್ಟಿಬಾಗಿಲ ಚಿಲಕ ಸರಿಯಾಗಿದೆಯೇ ಎಂದು ನೋಡಿದೆ.

ಶೆಟ್ಟರ ಮಗಳು ಶೈಲಶ್ರೀಯ ಮದುವೆ ಬಂತು. ಹೆಣ್ಣು ಒಪ್ಪಿಸಿದ ಮೇಲೆ ಮದುಮಕ್ಕಳ ಕಾರನ್ನು ಹೆಣ್ಣಿನ ಕಡೆಯವರೇ ಬೈದು ಹೊರಡಿಸಬೇಕು, ಅದು ನಮ್ಮಲ್ಲಿ ಶಾಸ್ತ್ರ. ಊಟ ಹೇಗಿತ್ತು ಎನ್ನುವುದನ್ನು ಜನ ವಾರದಲ್ಲಿ ಮರೆಯುತ್ತಾರೆ, ಕಾರನ್ನು ಹೇಗೆ ಬೈದರು ಎನ್ನುವುದನ್ನು ವರ್ಷಗಟ್ಟಲೆ ಹೇಳುತ್ತಾರೆ. ಶೆಟ್ಟರು ಎಲೆ ಅಡಿಕೆ ಇಟ್ಟು ಜಯಶೀಲಳನ್ನು ಕರೆದಿದ್ದರು. ಬೇಡವೆಂದು ಎಷ್ಟೋ ಹೇಳಿದೆ, ಕಾಲಿಗೆ ಬೀಳುವುದೊಂದು ಬಾಕಿ. ಅವಳು ರೇಷ್ಮೆ ಸೀರೆ ಉಟ್ಟು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಛತ್ರದ ಮುಂದೆ ಸೇವಂತಿಗೆ ಹೊದ್ದ ದೊಡ್ಡ ಪೆಟ್ರೋಲ್ ಕಾರು ನಿಂತಿತ್ತು. ಊರಿಗೆ ಊರೇ ಸೇರಿತ್ತು. ಮದುಮಕ್ಕಳು ಹತ್ತಿದರು. ಜಯಶೀಲ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಮುಂದೆ ನಿಂತು, "ಏ..." ಎಂದಳು. ಗಾಳಿ ಬಂತು, ಧ್ವನಿ ಬರಲಿಲ್ಲ. ಮತ್ತೊಮ್ಮೆ ಬಾಯಿ ತೆರೆದಳು. ಎಣ್ಣೆ ಕಾಣದ ಬಾಗಿಲಿನಂಥ ಸಣ್ಣ ಕಿರುಗುಟ್ಟುವ ಸದ್ದು ಕೇಳಿಸಿತು. ಮೂರನೆಯ ಸಲ ಅದೂ ಇಲ್ಲ. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಏನ್ ಶೆಟ್ಟರೆ, ಬೈಯೋರೂ ಗತಿಯಿಲ್ವ ನಿಮ್ಮನೇಲಿ?" ಎಂದು ಗಂಡಿನ ಸೋದರಮಾವ ಎಲ್ಲರಿಗೂ ಕೇಳುವಂತೆ ಕೇಳಿದ. ಶೆಟ್ಟರು ತಾವೇ ಮುಂದೆ ಬಂದರು. ಮಗಳನ್ನು ಕಳಿಸುತ್ತಿರುವ ಅಪ್ಪ, ಅಳುತ್ತ, "ಹೋಗೋ... ಹೋಗಪ್ಪಾ..." ಎಂದರೆ ಯಾವ ಕಾರು ಹೋದೀತು? ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ಅಷ್ಟು ಬಾಯಿಗಳ ನಡುವೆ ಯಾರ ಮಾತು ಕೇಳುವುದೆಂದು ತಿಳಿಯದೆ ಕಾರು ಇನ್ನಷ್ಟು ಬೆದರಿ ಅಲುಗದೆ ನಿಂತಿತು. ರಾಹುಕಾಲಕ್ಕೆ ಮೊದಲು ಹೆಣ್ಣು ಗಂಡಿನ ಮನೆ ಹೊಸಿಲು ದಾಟಬೇಕೆಂದು ಪುರೋಹಿತರು ಒಂದೇ ಸಮನೆ ಅವಸರಪಡಿಸುತ್ತಿದ್ದರು.

ನಾನು ಓಡಿದೆ. ಅಂಗಡಿ ಅಲ್ಲೇ ಹತ್ತಿರ. ಹಸಿರು ಕಾರನ್ನು ತಂದು ಛತ್ರದ ಮುಂದೆ ನಿಲ್ಲಿಸಿದೆನೋ ಇಲ್ಲವೋ, ಸೇರಿದ್ದ ಜನವೆಲ್ಲ ಈ ಕಡೆ ತಿರುಗಿ ಇದನ್ನೇ ಬೈಯತೊಡಗಿದರು. ಕೆಟ್ಟ ಮನಸ್ಸಿನಿಂದಲ್ಲ, ಸಹಾಯ ಮಾಡಲಿಕ್ಕೆ! ಕಾರಿನ ಕನ್ನಡಿಗಳು ಮಡಚಿಕೊಳ್ಳತೊಡಗಿದವು.

ಆಗ ಜಯಶೀಲ ಬಂದಳು. ಕಾರಿಗೆ ಬೆನ್ನು ಕೊಟ್ಟು, ಊರಿಗೆ ಮುಖ ಮಾಡಿ, ಎರಡೂ ಕೈ ಅಗಲಿಸಿ ನಿಂತಳು. ಆಮೇಲೆ ಒಂದು ಬೆರಳು ತುಟಿಯ ಮೇಲಿಟ್ಟಳು. ಬಾಯಿ ಮುಚ್ಚಿ ಎಂದು ನಮ್ಮೂರಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಬೇರೆ ಯಾರು ಹೇಳಿದ್ದರೂ ನಡೆಯುತ್ತಿರಲಿಲ್ಲ. ಮುಂದಿನ ಸಾಲು ಸುಮ್ಮನಾಯಿತು, ಹಿಂದಿನವರು ಸುಮ್ಮನಾದರು. ಕೊನೆಗೆ ಸೋದರಮಾವ ಒಬ್ಬನೇ ಉಳಿದ, ಅವನೂ ಅವಳ ಕಣ್ಣು ನೋಡಿ ಬಾಯಿ ಮುಚ್ಚಿದ. ಅವಳು ಮದುಮಕ್ಕಳನ್ನು ಕರೆತಂದು ಹಿಂದೆ ಕೂರಿಸಿ, ಮುಂದಿನ ಬಾಗಿಲು ತೆರೆದು, ಊರೆಲ್ಲ ನೋಡುತ್ತಿದ್ದಂತೆ ನನ್ನ ಪಕ್ಕದಲ್ಲಿ ಕೂತಳು. ಕನ್ನಡಿಗಳು ಮೆಲ್ಲಗೆ ಬಿಚ್ಚಿಕೊಂಡವು. ಕಾರು ಹೊರಟಿತು.

ಹೊರಟಾಗ ಶೈಲಶ್ರೀ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಪ್ರತಿ ಮದುಮಗಳೂ ಹಾಗೆ ಮಾಡುತ್ತಾಳೆ. ಎಂಜಿನ್ನಿನ ಆರ್ಭಟ, ಬೈಗುಳದ ಆರ್ಭಟದಲ್ಲಿ ತುಟಿ ಅಲುಗುವುದು ಮಾತ್ರ ಕಾಣುತ್ತದೆ, ತಾಯಿ ಏನೋ ಅಂದಾಜು ಮಾಡಿ ತಲೆಯಾಡಿಸುತ್ತಾಳೆ. ಅವತ್ತು ಪಕ್ಕದಲ್ಲೇ ನಡೆದು ಬರುತ್ತಿದ್ದ ಚೆನ್ನಬಸಮ್ಮನಿಗೆ ಪ್ರತಿ ಅಕ್ಷರವೂ ಕೇಳಿಸಿತು.

"ಅಮ್ಮಾ, ನನ್ನ ಹಳೇ ಲಂಗಗಳ್ನ ಯಾರಿಗೂ ಕೊಟ್ಬಿಡ್ಬೇಡ. ನಾನು ಬರ್ತೀನಿ. ಬರ್ತಾನೇ ಇರ್ತೀನಿ."

"ಬಾ ಕಣೆ," ಎಂದರು ಚೆನ್ನಬಸಮ್ಮ. "ಯಾರು ಏನಂದ್ರೂ ಬಾ. ಬಾಗ್ಲು ಹಾಕಲ್ಲ."

ಅದು ಶೈಲಶ್ರೀಗೂ ಕೇಳಿಸಿತು. ಬೀದಿಗೆಲ್ಲ ಕೇಳಿಸಿತು. ಛತ್ರದ ಮೆಟ್ಟಿಲ ಮೇಲೆ ಕೂತಿದ್ದ ಶೆಟ್ಟರ ಮುದುಕಿ ಅತ್ತೆ ಪಕ್ಕದವರ ಕೈ ಹಿಡಿದು, "ನಾನು ಹೊರಟಾಗ ನಮ್ಮವ್ವ ಏನೋ ಅಂದ್ಲು ಕಣಮ್ಮ. ಏನಂದ್ಲೋ ಇವತ್ತಿಗೂ ಗೊತ್ತಿಲ್ಲ," ಎಂದರಂತೆ. ಅಲ್ಲಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅತ್ತರಂತೆ.

ಮೂರೇ ದಿನಕ್ಕೆ ಚೆನ್ನಬಸಮ್ಮ ನನ್ನ ಅಂಗಡಿಗೆ ಬಂದರು, ಈ ಸಲ ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿ, ಮುಂಬಾಗಿಲಿನಿಂದ. ಹಿಂದೆ ಶೆಟ್ಟರು ಬಣ್ಣ ಯಾವುದಾದರೂ ಸರಿ, ಹಸಿರು ಮಾತ್ರ ಬೇಡ ಎಂದು ಗೊಣಗುತ್ತ ಬಂದರು. ಹಸಿರೇ ತೆಗೆದುಕೊಂಡರು. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿದ್ದ ಮನೆಗಳೆಲ್ಲ ಬಂದವು. ವಯಸ್ಸಾದ ತಂದೆಯನ್ನು ಕೂರಿಸಿಕೊಂಡು ಹೋಗುವವರು ಬಂದರು, ಹೊಸದಾಗಿ ಮದುವೆಯಾದವರು ಬಂದರು. ಹೊಗೆಯ ಮಾತು, ಖರ್ಚಿನ ಮಾತು ಒಬ್ಬರೂ ಎತ್ತಲಿಲ್ಲ. ಒಳಗೆ ಕೂತವರ ಮಾತು ಕೇಳಿಸುತ್ತದೆಯಂತೆ, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಬೋರ್ಡು ಅಳಿಸಿ ಬೇರೆ ಬರೆಸಲು ನನಗೆ ಪುರುಸೊತ್ತೇ ಸಿಗಲಿಲ್ಲ. ಡಾಕ್ಟರ್ ಅನಸೂಯಾ ಬಿಳಿಯದನ್ನು ತೆಗೆದುಕೊಂಡರು. ಹೆಡ್‌ಮಾಸ್ಟರು ತಮ್ಮ ಸರದಿ ಬರುವವರೆಗೆ ಶಾಲೆಗೆ ನಡೆದೇ ಹೋದರು, ಜಯಶೀಲಮ್ಮನ ಗಂಟಲಿಗೆ ತೊಂದರೆ ಕೊಡಬಾರದೆಂದು. ಗಂಟಲಿನ ವಿಷಯ ತಿಳಿದ ಮೇಲೆ ಊರಿನವರು ತಂದುಕೊಟ್ಟ ಜ್ಯೇಷ್ಠಮಧು, ಜೇನುತುಪ್ಪ, ಕಲ್ಲುಸಕ್ಕರೆಯಿಂದ ನಮ್ಮ ಮನೆ ಗ್ರಂಥಿಗೆ ಅಂಗಡಿಯಾಯಿತು.

ಜಯಶೀಲ ಬಾಯಿಗೆ ಬೀಗ ಹಾಕಿಕೊಂಡು ಅಂಗಡಿಯಲ್ಲಿ ಕೂರತೊಡಗಿದಳು. ಹೊಸ ಕಾರು ಕೊಂಡವರು ಅಭ್ಯಾಸಬಲದಿಂದ ಬಾಯಿ ತೆರೆದರೆ ಹಿಂದಿನ ಸೀಟಿನಿಂದ ಅವಳ ಒಂದು ಕೆಮ್ಮು ಸಾಕಾಗುತ್ತಿತ್ತು. ಬೈಯದೆ ಇರಲಾಗದವರಿಗಾಗಿ ಪುರಸಭೆಯವರು ಶೆಟ್ಟರ ಹಳೆಯ ಕಾರನ್ನು ಮೈದಾನದಲ್ಲಿ ನಿಲ್ಲಿಸಿದರು. ಸಂಜೆ ಅದರ ಮುಂದೆ ಸಾಲು ಇರುತ್ತದೆ, ಒಬ್ಬೊಬ್ಬರಾಗಿ ಬೈದು ಹಗುರಾಗಿ ಮನೆಗೆ ಹೋಗುತ್ತಾರೆ.

ಗೆದ್ದೆ ಎಂದು ನಾನು ಹಿಗ್ಗಬೇಕಿತ್ತು. ಆದರೆ ಕೆಲವು ದಿನ ಬೆಳಗ್ಗೆ ಜಯಶೀಲ ಹಳೆಯ ಹೊತ್ತಿಗೇ ಎದ್ದು, ಚಪ್ಪಲಿ ಮೆಟ್ಟಿ ಗೇಟಿನ ಬಳಿ ನಿಲ್ಲುತ್ತಿದ್ದಳು. ಅವಳು ಎಬ್ಬಿಸಬೇಕಾಗಿದ್ದವರೆಲ್ಲ ಸದ್ದಿಲ್ಲದೆ ಹೊರಟು, ಕೈ ಬೀಸಿ ಮುಂದೆ ಹೋಗುತ್ತಿದ್ದರು. ಅವಳೂ ಕೈ ಬೀಸುತ್ತಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಅವಳನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವಳಿಂದ ದೊಡ್ಡದೊಂದನ್ನು ಕಿತ್ತುಕೊಂಡಿದ್ದೆ. ಅದರ ಬದಲಿಗೆ ಕೊಡಲು ನನ್ನ ಹತ್ತಿರ ಎರಡು ಕಿವಿ ಬಿಟ್ಟು ಬೇರೇನೂ ಇರಲಿಲ್ಲ.

ಆರು ತಿಂಗಳು ಕಳೆದ ಮೇಲೆ ಡಾಕ್ಟರ್ ಮತ್ತೆ ದೀಪ ಬಿಟ್ಟು ನೋಡಿದರು. "ಗಂಟು ಕರಗಿದೆ. ಇನ್ನು ಮಾತಾಡಿ. ಆದ್ರೆ ಕೂಗೋ ಹಾಗಿಲ್ಲ ಜಯಶೀಲಮ್ಮ, ಇನ್ಯಾವತ್ತೂ," ಎಂದರು. ಜಯಶೀಲ ತಲೆಯಾಡಿಸಿದಳು. ಕಾರಿನಲ್ಲಿ ಕೂತ ಮೇಲೂ ಅವಳು ಬಾಯಿ ತೆರೆಯಲಿಲ್ಲ. ಬಸ್‌ಸ್ಟ್ಯಾಂಡ್ ದಾಟಿತು, ಶಾಲೆ ದಾಟಿತು. ಬೈಯಲಾಗದ ಧ್ವನಿ ಇಟ್ಟುಕೊಂಡು ಏನು ಮಾಡಲಿ ಎಂದಿದ್ದಳಲ್ಲ, ಇನ್ನು ಮಾತೇ ಆಡುವುದಿಲ್ಲವೇನೋ ಎಂದು ನನಗೆ ಭಯವಾಯಿತು.

ನೀರಿನ ಟ್ಯಾಂಕಿನ ಹತ್ತಿರ ಬಂದಾಗ ಪಕ್ಕದಿಂದ ಸಣ್ಣದೊಂದು ಧ್ವನಿ ಕೇಳಿಸಿತು. ಒಡೆದ ಧ್ವನಿ, ತೆಳ್ಳಗಿನದು. ಹಳೆಯ ಕಾರಾಗಿದ್ದರೆ ನನ್ನ ಕಿವಿಯ ತನಕ ಬರುತ್ತಲೇ ಇರಲಿಲ್ಲ.

"ಡಾಕ್ಟರಮ್ಮನ ಕಿಟಕಿ ಪರದೆ ನೋಡಿದ್ರಾ? ತಲೆಕೆಳಗಾಗಿ ಹಾಕ್ಬಿಟ್ಟಿದಾರೆ. ನವಿಲೆಲ್ಲ ತಲೆ ಕೆಳಗೆ."

"ನೋಡ್ಲಿಲ್ಲ," ಎಂದೆ.

"ನೀವು ಏನು ತಾನೇ ನೋಡ್ತೀರಿ? ನನ್ನ ನೋಡೋಕೆ ಬಂದ ದಿನ ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ಕಂದು. ನಮ್ಮಕ್ಕ ಒಳಗೆ ಸೆರಗು ಬಾಯಿಗೆ ತುರುಕ್ಕೊಂಡು ನಕ್ಕಿದ್ದೇ ನಕ್ಕಿದ್ದು. ಹೇಳೋಣ ಅಂತ ಅವತ್ತಿಂದ ಅಂದ್ಕೋತಾನೇ ಇದೀನಿ. ಗಂಟಲು ಉಳಿಸ್ಕೋಬೇಕಿತ್ತಲ್ಲ, ಹೇಳಕ್ಕೇ ಆಗ್ಲಿಲ್ಲ. ಅವತ್ತು ನಿಮ್ಮಮ್ಮ ಉಪ್ಪಿಟ್ಟಿಗೆ ಉಪ್ಪಿಲ್ಲ ಅಂದ್ರಲ್ಲ, ಅದು ಯಾಕೆ ಗೊತ್ತಾ..."

ಅವಳು ಹೇಳುತ್ತ ಹೋದಳು. ಉಪ್ಪಿಟ್ಟಿನಿಂದ ಅಕ್ಕನ ಮದುವೆಗೆ, ಅಲ್ಲಿಂದ ನನ್ನ ಅಮ್ಮನ ಕೊನೆಯ ದಿನಗಳಿಗೆ, ಅಮ್ಮ ಅವಳೊಬ್ಬಳಿಗೇ ಹೇಳಿಹೋಗಿದ್ದ ಒಂದು ಮಾತಿಗೆ. ನಾನು ಹೂಂ ಎನ್ನುತ್ತ ಮೆಲ್ಲಗೆ ಓಡಿಸಿದೆ. ನಮ್ಮ ಮನೆಯ ಗೇಟು ಬಂತು, ಹೋಯಿತು. ಎರಡು ಬೀದಿ ಕಳೆದ ಮೇಲೆ ಅವಳು ತಟ್ಟನೆ ಹೊರಗೆ ನೋಡಿದಳು.

"ರೀ, ಮನೆ ಹಿಂದೆ ಹೋಯ್ತಲ್ರೀ!"

"ಹೋಗ್ಲಿ ಬಿಡು. ಅಮ್ಮ ಏನಂದ್ರು, ಹೇಳು."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕಾಲು ಮಡಚಿ, ನನ್ನ ಕಡೆ ತಿರುಗಿ, ಚೆನ್ನಾಗಿ ಒರಗಿ ಕೂತು, ಮೊದಲಿನಿಂದ ಶುರು ಮಾಡಿದಳು. ಚಾರ್ಜು ಇನ್ನೂ ಅರ್ಧ ಉಳಿದಿತ್ತು.